ತೊಂಬತ್ತರಿಂದ ಶುರುವಾದ ಗೆರೆ

"ಏರಿಳಿತಾನೇ ಕಾಣ್ತಿಲ್ಲವಲ್ರೀ ಅನುಪಮಾ," ಎಂದು ಉದಯಕುಮಾರ್ ಕುರ್ಚಿಯ ಪಕ್ಕ ಬಗ್ಗಿದಾಗ ಅವಳ ಕಣ್ಣು ಸ್ಕ್ರೀನಿನ ಮೇಲಿರಲಿಲ್ಲ.

ಅದು ೨೦೦೮ನೇ ಇಸವಿ. ತುಮಕೂರಿನ ಆ ಕೊಬ್ಬರಿಪುಡಿ ಕಂಪನಿಗೆ ಗುಬ್ಬಿಯಲ್ಲೊಂದು, ಕುಣಿಗಲ್‌ನಲ್ಲೊಂದು ಫ್ಯಾಕ್ಟರಿ. ಉದಯ್ ಗುಬ್ಬಿಯ ಮ್ಯಾನೇಜರ್. ಎರಡೂ ಕಡೆ ನೂರಕ್ಕೆ ಎಷ್ಟು ಮಾಲು ಚೆನ್ನಾಗಿ ಬಂತೆಂಬುದನ್ನು ಕಂಪ್ಯೂಟರಿನಲ್ಲಿ ಗ್ರಾಫ್ ಮಾಡುವುದು ಅನುಪಮಾಳ ಕೆಲಸ.

"ಸ್ಕೇಲ್ ಸೊನ್ನೆಯಿಂದ ನೂರರವರೆಗೆ ಇದೆ ಸರ್. ಒಂದೆರಡು ಪರ್ಸೆಂಟಿಗೆಲ್ಲ ಗೆರೆ ಅಲುಗಾಡಲ್ಲ."

"ತೊಂಬತ್ತರಿಂದ ಶುರು ಮಾಡಿದ್ರೆ?"

"ಚೂರು ಇಳಿದ್ರೂ ಪಾತಾಳಕ್ಕೆ ಬಿದ್ದ ಹಾಗೆ ಕಾಣುತ್ತೆ."

"ನನ್ ಕಥೇನೂ ಅದೇ," ಅವನು ದನಿ ತಗ್ಗಿಸಿದ. "ನೀವು ಚೂರು ಮುಖ ತಿರುಗಿಸಿದ್ರೂ ಪಾತಾಳ."

ಅವಳು ಕೀಬೋರ್ಡಿನತ್ತ ನೋಡುತ್ತಲೇ ನಕ್ಕಳು. ಕಿವಿ ಬಿಸಿಯಾಗಿತ್ತು.

ಕೆಲವೇ ವಾರಗಳಲ್ಲಿ 'ಸರ್' ಹೋಗಿ 'ಉದಯ್' ಬಂದ. ಒಂದು ಭಾನುವಾರ ಮಾರ್ಕೋನಹಳ್ಳಿ ಡ್ಯಾಮಿನ ಏರಿಯ ಮೇಲೆ ಅವನು ಮೊದಲ ಸಲ ಅವಳ ಕೈ ಹಿಡಿದ. ನೀರಿನ ಗಾಳಿಗೆ ಹಾರುತ್ತಿದ್ದ ಅವಳ ಮುಂಗುರುಳನ್ನು ನೋಡುತ್ತಾ, "ದೀಪಾವಳಿ ಕಳೀಲಿ, ನಿಮ್ಮನೆಗೆ ಬಂದು ಕೇಳ್ತೀನಿ," ಎಂದ. ಆಮೇಲೆ, ಹಿಡಿದ ಕೈ ಬಿಡದೆ, "ಒಂದು ಹೆಲ್ಪ್ ಅನು. ಕುಣಿಗಲ್ ಗ್ರಾಫ್ ಬಂದ್ರೆ ಮಾತ್ರ ಸ್ಕೇಲ್ ತೊಂಬತ್ತರಿಂದ, ಗುಬ್ಬಿಗೆ ಸೊನ್ನೆಯಿಂದ. ಪ್ರೋಗ್ರಾಮಲ್ಲಿ ಹಂಗೊಂದು ಕಂಡೀಷನ್ ಹಾಕ್ತೀಯಾ? ಅಲ್ಲಿಯವ್ರು ಸಣ್ಣ ತಪ್ಪನ್ನೂ ಬೇಗ ಹಿಡೀಲಿ ಅಂತ."

"ಆಮೇಲೆ ಎರಡನ್ನೂ ಹೋಲಿಸಬಾರ್ದು ಮತ್ತೆ."

"ನಾನ್ಯಾಕೆ ಹೋಲಿಸ್ಲಿ?"

ಮರುದಿನವೇ ಅವಳು ಬರೆದುಕೊಟ್ಟಳು. ಅವನಿಗಾಗಿ ಮಾಡುವ ಕೆಲಸವೆಂದು ಬೆರಳುಗಳಿಗೂ ಸಂಭ್ರಮ.

ಡೈರೆಕ್ಟರುಗಳ ಮೀಟಿಂಗಿನಲ್ಲಿ ಉದಯ್ ಎರಡು ಗ್ರಾಫುಗಳನ್ನು ಅಕ್ಕಪಕ್ಕ ತೋರಿಸಿದ. ಗುಬ್ಬಿಯದು ನೆಟ್ಟಗೆ ಮಲಗಿತ್ತು. ಕುಣಿಗಲ್‌ನದು ಪ್ರಪಾತಕ್ಕೆ ಉರುಳಿತ್ತು. ಪಕ್ಕದ ಸ್ಕೇಲಿನ ಪುಟ್ಟ ಅಂಕಿಗಳನ್ನು ಯಾರೂ ಗಮನಿಸಲಿಲ್ಲ.

ಕುಣಿಗಲ್‌ನ ಮ್ಯಾನೇಜರ್ ಏಕಾಂತಯ್ಯ ಎದ್ದು ನಿಂತರು. "ನಮ್ಮಲ್ಲಿ ಅಷ್ಟೊಂದು ಮಾಲು ಕೆಟ್ಟಿಲ್ಲ ಸಾರ್..."

"ಕುಣಿಗಲ್ ಮುಚ್ಚಿಬಿಡೋಣ. ಎಲ್ಲಾನೂ ಉದಯಕುಮಾರ್ ನೋಡ್ಕೊಳ್ಲಿ," ಎಂದರು ಚೇರ್ಮನ್.

ಅನುಪಮಾ ಉದಯನತ್ತ ನೋಡಿದಳು. ಎಷ್ಟೇ ಜನರಿದ್ದರೂ ಅವಳನ್ನು ಹುಡುಕುತ್ತಿದ್ದ ಆ ಕಣ್ಣು ಇವತ್ತು ಅವಳತ್ತ ಬರಲೇ ಇಲ್ಲ. ಅವಳು ಎದ್ದಳು.

"ಒಂದ್ನಿಮಿಷ ಸರ್. ಎರಡಕ್ಕೂ ಒಂದೇ ಅಳತೆ ಇಲ್ಲ. ಆ ಕಂಡೀಷನ್ ಬರೆದೋಳು ನಾನೇ."

ಕಂಪ್ಯೂಟರಿನಲ್ಲಿ ಅದನ್ನು ಅಳಿಸಿ ಗ್ರಾಫುಗಳನ್ನು ಮತ್ತೆ ತೋರಿಸಿದಳು. ಎರಡು ಗೆರೆಗಳೂ ಒಂದೇ ಮಟ್ಟಕ್ಕೆ ಬಂದು ನಿಂತವು. ಕುಣಿಗಲ್ ಮುಚ್ಚುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮೆಟ್ಟಿಲ ಬಳಿ ಉದಯ್ ಅವಳನ್ನು ಅಡ್ಡಗಟ್ಟಿದ. "ಏನ್ ಮಾಡ್ಬಿಟ್ಟೆ! ಎಲ್ಲ ನಮಗೋಸ್ಕರ ಕಣೇ. ಇಬ್ರೂ ಸುಖವಾಗಿರ್ಲಿ ಅಂತ."

"ಅವತ್ತು ಕೈ ಹಿಡಿದಾಗ್ಲೂ ಇದೇ ಮನಸ್ಸಲ್ಲಿತ್ತಾ?"

ಅವನ ಬಾಯಿ ತೆರೆಯಿತು. ಮಾತು ಬರಲು ತುಸು ತಡವಾಯಿತು.

"ತಟ್ಟನೆ ಇಲ್ಲ ಅಂದಿದ್ರೆ ಈಗ್ಲೂ ನಂಬ್ತಿದ್ದೆ ಉದಯ್," ಎಂದಳು ಅನುಪಮಾ.

"ಅನೂ..." ಎಂಬ ಕೂಗಿಗೆ ಅರ್ಧ ಮೆಟ್ಟಿಲಲ್ಲಿ ಅವಳ ಕಾಲು ತಡೆಯಿತು. ಅಳುವುದು ಅವನಿಗೆ ಕಾಣಬಾರದೆಂದು ತಿರುಗದೆಯೇ ಇಳಿದು ಹೋದಳು.