ಚಂದ್ರಿಕೆ ಅಂದುಕೊಂಡದ್ದು

೧೯೮೬ರ ಆಗಸ್ಟ್ ಹನ್ನೆರಡರ ಬೆಳಿಗ್ಗೆ ಸಾತನೂರು ಠಾಣೆಯ ಕಸ ಗುಡಿಸುವ ಹೊತ್ತಿಗೇ ಅಂಬಮ್ಮ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಉಯ್ಯಂಬಳ್ಳಿ ರಸ್ತೆ ಬದಿಯಲ್ಲಿ ಕುರಿಮಂದೆ ಕಾಯುತ್ತಿದ್ದ ಅವಳ ಗಂಡನಿಗೆ ಮುಂಜಾವದಲ್ಲಿ ಯಾವುದೋ ಗಾಡಿ ಬಡಿದು ಹೋಗಿತ್ತು. ಹಾಲಿನವರು ಕಂಡಾಗ ಇನ್ನೂ ಜೀವವಿತ್ತಂತೆ. ಆಸ್ಪತ್ರೆಗೆಂದು ಎತ್ತುವಾಗ ಹೋಯಿತಂತೆ.

ಸಬ್ ಇನ್ಸ್‌ಪೆಕ್ಟರ್ ನರಸಯ್ಯ ಎಫ್‌ಐಆರ್ ದಾಖಲಿಸಿದರು. ಹೆಬ್ಬೆಟ್ಟು ಒತ್ತಿದ ಮೇಲೂ ಆಕೆ ಏಳಲಿಲ್ಲ.

"ಕುರಿಗಳು ಸುತ್ತ ನಿಂತ್ಕಂಡಿದ್ವು ಸ್ವಾಮಿ. ಅವು ನಿಂತ್ವು, ಗಾಡಿಯವ್ನು ನಿಲ್ನಿಲ್ಲ. ನೋಡಿ ಹೋದ್ನಾ, ನೋಡ್ದಲೇ ಹೋದ್ನಾ? ಅದೊಂದ ಕೇಳಿ ಹೇಳಿ."

ಹೆಂಡತಿ ಮಕ್ಕಳನ್ನು ಮಾಗಡಿಯಲ್ಲಿ ಬಿಟ್ಟು ಕ್ವಾರ್ಟರ್ಸಿನಲ್ಲಿ ಒಬ್ಬರೇ ಬೇಯಿಸಿ ತಿನ್ನುತ್ತಿದ್ದ ನರಸಯ್ಯನವರಿಗೆ ಆ ಮಾತು ಜೀಪಿನಲ್ಲೂ ಜೊತೆಗೇ ಬಂದಂತಾಯಿತು.

ಸ್ಥಳ ಪಂಚನಾಮೆಯಲ್ಲಿ ಬ್ರೇಕಿನ ಗುರುತು ಸಿಗಲಿಲ್ಲ. ಕುಡಿದವನ ಗಾಡಿ ಅತ್ತಿತ್ತ ತೂಗುತ್ತದೆ. ಇಲ್ಲಿ ಚಕ್ರ ನಿಧಾನವಾಗಿ, ಒಂದೇ ಗೆರೆಯಲ್ಲಿ, ಡಾಂಬರು ಬಿಟ್ಟು ಮಣ್ಣಿಗಿಳಿದಿತ್ತು.

"ನಿದ್ದೆಗಣ್ಣು," ಅಂದರು ನರಸಯ್ಯ.

ಬೇಲಿಗೆ ಒಂದು ಬಿದಿರ ಸೀಳು ಸಿಕ್ಕಿಕೊಂಡಿತ್ತು, ಅದಕ್ಕೆ ಹಳೆಯ ರೇಷ್ಮೆ ಎಳೆ. ರೇಷ್ಮೆಹುಳು ಗೂಡು ಕಟ್ಟುವ ಬಿದಿರ ತಟ್ಟಿ, ಚಂದ್ರಿಕೆಯ ಚೂರು. ಹುಳು ಮೇವು ಬಿಟ್ಟು ಹಣ್ಣಾದ ದಿನವೇ ಆಯ್ದು ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಬೆಳೆ ಹಾಳು. ಹಾಗಾಗಿ ಪೇದೆ ಬೋರಲಿಂಗಯ್ಯ ಹಳ್ಳಿಹಳ್ಳಿಯಲ್ಲಿ ಕೇಳಿದ್ದು ಇಷ್ಟೇ: ಅವತ್ತು ಯಾರ ಮನೆಯ ಹುಳು ಹಣ್ಣಾಯಿತು?

ಎಲ್ಲ ಕಡೆಯೂ ಹುಳು ಆಯಲು ಅಕ್ಕಪಕ್ಕದವರನ್ನು ಕರೆದಿದ್ದರು. ಒಬ್ಬನ ಮನೆಗೆ ಮಾತ್ರ ಯಾರೂ ಹೋಗಿರಲಿಲ್ಲ. ಟೆಂಪೊ ಇಟ್ಟುಕೊಂಡಿದ್ದ ದಾಸಪ್ಪನ ಮನೆ. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಹಿಂದಿನ ಬೆಳೆಗೆ ರೋಗ ಬಿದ್ದಿದ್ದಕ್ಕೆ, ಹೊರಗಿನವರ ಕಾಲಧೂಳಿಗೆ ಹೆದರಿ ಈ ಸಲ ಯಾರನ್ನೂ ಒಳಗೆ ಬಿಡದೆ, ಹಗಲು ರಾತ್ರಿ ಒಬ್ಬನೇ ಹುಳು ನೋಡಿಕೊಂಡಿದ್ದ.

"ಅವನ ಮನೆಗೆ ಇರುವೆ ಹೋದ್ರೂ ಕಾಲು ತೊಳ್ಕಂಡು ಹೋಗ್ಬೇಕು ಕಣಣ್ಣ," ಎಂದು ಪಕ್ಕದ ಮನೆಯ ಕರಿಯಯ್ಯ ಬೋರಲಿಂಗಯ್ಯನಿಗೆ ಹೇಳಿ ನಕ್ಕಿದ್ದ.

ಹದಿನಾಲ್ಕರ ಮಧ್ಯಾಹ್ನ ಪಂಚರ ಎದುರು ಟೆಂಪೊ ನೋಡಿದರು. ಎಡದೀಪ ಒಡೆದಿತ್ತು. ಬಂಪರಿನ ಸಂದಿಯಲ್ಲಿ ಕರಿ ಕಂಬಳಿಯ ಎಳೆ. ದಾಸಪ್ಪ ಹುಳುಮನೆಯ ಬಾಗಿಲಲ್ಲಿ ನಿಂತಿದ್ದ, ಕಣ್ಣು ಕೆಂಡ.

"ಕಾಲು ತೊಳ್ಕಂಡು ಬನ್ನಿ ಸಾರ್," ಅಂದ.

ನರಸಯ್ಯ ಬೂಟು ಬಿಚ್ಚಿ, ಕಾಲು ತೊಳೆದೇ ಒಳಗೆ ಹೋದರು. ಸೊಪ್ಪು ಮೇಯುವ ಸದ್ದು ನಿಂತಿತ್ತು. ಹುಳುಗಳು ಗೂಡಿನೊಳಗೆ ಸೇರಿಯಾಗಿತ್ತು. ಇಡೀ ಮನೆಯಲ್ಲಿ ಮಾತಾಡುವ ಇನ್ನೊಂದು ಜೀವವಿರಲಿಲ್ಲ.

"ಎಷ್ಟು ದಿನದಿಂದ ಮಲಗಿಲ್ಲ?"

"ಹುಳ ಪೊರೆ ಬುಟ್ಟು ಕೊನೇ ಜ್ವರ ಎದ್ದಾಗ್ಲಿಂದ. ಹಗಲೂ ರಾತ್ರಿ ಸೊಪ್ಪು ಕೇಳ್ತಾವೆ."

"ನಿದ್ದೆ ಬಂತು ಅಂತ ಗೊತ್ತಾಗಲಿಲ್ವಾ?"

"ಕಣ್ಣು ಬುಟ್ಕಂಡೇ ಇವ್ನಿ ಅನ್ಕಂಡಿದ್ದೆ. ದಡ್ ಅಂದಾಗ ಎಚ್ಚರ ಆಯ್ತು. ಕನ್ನಡೀಲಿ ಕಪ್ಪಗೆ ಏನೋ ಬಿದ್ದಿತ್ತು. ಬಾಡಿಗೆಗೆ ತಂದು ಟೆಂಪೊ ಮೇಲೆ ಹೇರಿದ್ದ ಚಂದ್ರಿಕೆ ಒಂದು ಜಾರ್‍ತು ಅಂದ್ಕಂಡೆ. ಹುಳ ಕಾಯಕ್ಕಿಲ್ವಲ್ಲ, ಬಂದ್ಬುಟ್ಟೆ."

"ಮನೇಲಿ ಇಳಿಸಿದಾಗ?"

ದಾಸಪ್ಪ ಗೂಡುಗಳ ಕಡೆ ನೋಡಿದ. "ಒಂದೂ ಬಿದ್ದಿರ್ನಿಲ್ಲ ಸಾರ್."

"ಆಗ ಹಿಂದಕ್ಕೆ ಹೋಗಬಹುದಿತ್ತು."

"ಹುಳ ಹಣ್ಣಾಗಿದ್ವು. ಇನ್ಯಾರಿದ್ರು ಆಯಕ್ಕೆ?"

ಐಪಿಸಿ ೨೭೯, ೩೦೪(ಎ) ಅಡಿ ಬಂಧನವಾಯಿತು. ಮನೆಯ ಬೀಗದ ಕೈಯನ್ನು ದಾಸಪ್ಪ ಕರಿಯಯ್ಯನಿಗೇ ಕೊಟ್ಟ. ಗೂಡು ಬಿಡಿಸಲು ಈಗ ಊರೇ ಒಳಗೆ ಹೋಗಬಹುದಿತ್ತು.

ಸಂಜೆ ಅಂಬಮ್ಮ ಬಂದಳು. ದಾಸಪ್ಪ ಹೇಳಿದ್ದನ್ನು ನರಸಯ್ಯ ಒಂದೂ ಬಿಡದೆ ಹೇಳಿದರು. ಚಂದ್ರಿಕೆ ಅಂದುಕೊಂಡದ್ದನ್ನು, ಅಲ್ಲವೆಂದು ಮನೆಯಲ್ಲಿ ತಿಳಿದದ್ದನ್ನು, ಹಿಂತಿರುಗದೆ ಹುಳು ಆಯುತ್ತ ಕೂತದ್ದನ್ನು. ಆಕೆ ಎದ್ದು ಲಾಕಪ್ಪಿನ ಸರಳ ಹತ್ತಿರ ಹೋದಳು. ದಾಸಪ್ಪ ಗೋಡೆಗೆ ಒರಗಿ, ಬಾಯಿ ತೆರೆದು, ಮಗುವಿನಂತೆ ಮಲಗಿದ್ದ.

"ಎಷ್ಟೋ ದಿನದ ನಿದ್ದೆ ಕಣಮ್ಮ," ಅಂದರು ನರಸಯ್ಯ.

ಅಂಬಮ್ಮ ಅವನನ್ನೇ ನೋಡುತ್ತಿದ್ದಳು.

"ಎಬ್ಬಿಸಿ ಸ್ವಾಮಿ," ಅಂದಳು. "ಅವನ ಬಾಯಲ್ಲೇ ಕೇಳ್ಬೇಕು. ನಾನೂ ಮೂರು ದಿನದಿಂದ ಮಲಗಿಲ್ಲ."

ನರಸಯ್ಯ ಲಾಠಿಯಿಂದ ಸರಳನ್ನು ಮೆಲ್ಲಗೆ ತಟ್ಟಿದರು.