ಹಗುರ ಪೆಡಲ್

ಕಾರಿಗಿಂತ ಮೊದಲು ಅದರ ವಾಸನೆ ಬಂತು. ವಾಡಿಯ ರೈಲ್ವೆ ಗೇಟಿನ ಪಕ್ಕದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೂತಿದ್ದ ಪ್ರಮಿತಾ ತಲೆಯೆತ್ತದೆಯೇ ಹೇಳಿದಳು.

"ಕ್ಲಚ್ ಸುಡಾಕತ್ತದರಿ ನಿಮ್ದು."

"ನೋಡೂಕಿಂತ ಮೊದಲ?" ಬಾಗಿಲಲ್ಲಿ ನಿಂತವನು ನಕ್ಕ.

"ಮೂಗಿಗಿ ನೋಡೋದು ಬ್ಯಾಡ."

ಅವನು ಶಹಾಬಾದಿನ ಅಶೋಕಕುಮಾರ. ಹೊಟ್ಟೆಪಾಡು ಅಪ್ಪನ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ, ಜೀವ ಮಾತ್ರ ಬಿಳಿ ಎಸ್ಟೀಮ್ ಕಾರಿನಲ್ಲಿ. ಹೈದರಾಬಾದಿಗೆ ಒಯ್ದು ಎಂಜಿನ್ ಬಿಚ್ಚಿಸಿ, ಅದರ ಶಕ್ತಿ ಹೆಚ್ಚಿಸಿಕೊಂಡು ಬಂದಿದ್ದ. ಕಂಪನಿಯ ಕ್ಲಚ್ಚಿಗೆ ಆ ಶಕ್ತಿ ತಡೆಯಲಾಗುತ್ತಿರಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತಿತ್ತು, ಕಾರು ಹಿಂದೆಮುಂದೆ ನೋಡುತ್ತಿತ್ತು.

ಅಂಗಡಿ ಅವಳ ಸೋದರಮಾವನದು. ಪ್ರಮಿತಾಳ ಎಡಗಾಲು ಚಿಕ್ಕಂದಿನ ಜ್ವರದಲ್ಲಿ ಸೊರಗಿತ್ತು. ನೋಡಲು ಬಂದ ಗಂಡುಗಳ ಕಣ್ಣು ಮುಖಕ್ಕಿಂತ ಮೊದಲು ಆ ಕಾಲಿಗೆ ಹೋಗುತ್ತಿತ್ತು. ಕಡೆಗೆ ಅವಳೇ ಬೇಸತ್ತು ಅಂಗಡಿಯ ಗಲ್ಲೆಯ ಮೇಲೆ, ಹಣದ ಪೆಟ್ಟಿಗೆಯ ಮುಂದೆ ಬಂದು ಕೂತಿದ್ದಳು. ಕ್ಲಚ್ ಕೇಳಲು ಬಂದ ಎಲ್ಲರಿಗೂ ಅವಳದು ಒಂದೇ ಮೊದಲ ಪ್ರಶ್ನೆ: "ಗಾಡಿ ಯಾರ್ಯಾರು ನಡಸ್ತೀರಿ?"

"ಸದ್ಯಕ್ಕ ನಾ ಒಬ್ಬನ," ಎಂದ ಅವನು. ಆ 'ಸದ್ಯಕ್ಕ'ದ ಮೇಲೆ ಒಂದಿಷ್ಟು ಹೆಚ್ಚೇ ಭಾರ ಹಾಕಿದ್ದ.

ಅವಳು ನಗು ನುಂಗಿಕೊಂಡು ಎರಡು ಬಗೆಯನ್ನೂ ವಿವರಿಸಿದಳು. ಸಿರಾಮಿಕ್ ಪ್ಲೇಟಿನದು ಎಷ್ಟು ಶಕ್ತಿ ಕೊಟ್ಟರೂ ಜಾರುವುದಿಲ್ಲ, ಆದರೆ ಅದರ ಪೆಡಲ್ ಭಾಳ ಗಟ್ಟಿ, ಊರೊಳಗೆ ಕಾರು ಜಗ್ಗಿ ಜಗ್ಗಿ ಹೋಗುತ್ತದೆ. ಇನ್ನೊಂದು ಮಾಮೂಲಿಗಿಂತ ಚೂರು ಬಿಗಿ ಅಷ್ಟೆ. ಪೆಡಲ್ ಹಗುರ, ನಡೆ ನಯ. ಆದರೆ ಇಂಥ ಎಂಜಿನ್ನನ್ನು ಪೂರ್ತಿ ಓಡಿಸಿದರೆ ಬೇಗ ಸುಟ್ಟುಹೋಗುತ್ತದೆ.

ಯೋಚಿಸಿ ಹೇಳುತ್ತೇನೆಂದು ಹೋದವನು ಮರುದಿನವೇ ಬಂದ. ಆಮೇಲೂ ಬಂದ. ಒಂದು ಕ್ಲಚ್ ಆರಿಸಲು ಇಷ್ಟು ಸಲ ಬರಬೇಕಿಲ್ಲವೆಂದು ಗೇಟ್ ಕಾಯುವವನಿಗೂ ಗೊತ್ತಿತ್ತು. ಅವಳನ್ನು ಅಜ್ಜಿಯಂತೆ 'ಪ್ರಮಿತಾಬಾಯಿ' ಎಂದು ಕರೆದು ಕಾಡುತ್ತಿದ್ದ. ಅವಳು ಸಿಟ್ಟು ಬಂದವಳಂತೆ ಕ್ಯಾಟಲಾಗ್ ಕಡೆ ತಿರುಗುತ್ತಿದ್ದಳು, ಮರುದಿನಕ್ಕೆಂದು ಒಳ್ಳೆಯ ಸೀರೆ ತೆಗೆದಿಡುತ್ತಿದ್ದಳು. ಅವಳಿಗೆ ಅವನ ಮೇಲೆ ಪ್ರೀತಿಯಾಗಿತ್ತು, ಇದರಲ್ಲಿ ಮುಚ್ಚಿಡುವುದೇನಿಲ್ಲ.

ಒಂದು ಭಾನುವಾರ ಇಬ್ಬರೂ ಅವಳ ತಂಗಿ ಶ್ರೀವಾಣಿಯನ್ನು ಹಿಂದೆ ಕೂರಿಸಿಕೊಂಡು ರಾವೂರಿನ ಕಲ್ಲುಗಣಿಯ ಖಾಲಿ ರಸ್ತೆಗೆ ಹೋದರು. ಸ್ಟೇರಿಂಗಿನ ಮುಂದೆ ಪ್ರಮಿತಾಳನ್ನೇ ಕೂರಿಸಿದ. ಈ ಕಾಲಿನಿಂದ ಆಗುವುದಿಲ್ಲವೆಂದು ಅವಳು ಇಳಿಯಹೋದರೆ ಬಿಡಲಿಲ್ಲ.

"ಒತ್ರಿ. ಹಾಂ, ಪೂರಾ. ಈಗ ಮೆಲ್ಲಕ ಬಿಡ್ರಿ. ಒಮ್ಮೆಗೇ ಬಿಡಬ್ಯಾಡ್ರಿ."

ಕಾರು ಹೊರಟಿತು. ಚಿಕ್ಕಂದಿನಿಂದ ಜೊತೆಯವರು ಅವಳಿಗಾಗಿ ನಡಿಗೆ ನಿಧಾನ ಮಾಡುತ್ತ ಬಂದಿದ್ದರು. ಅಂದು ಜಾಲಿಗಿಡಗಳೆಲ್ಲ ಅವಳ ಹಿಂದೆ ಉಳಿದವು. ಅವಳು ಬಾಯಿ ತುಂಬ ನಕ್ಕಳು. ಅಶೋಕ ರಸ್ತೆಯನ್ನೂ ನೋಡಲಿಲ್ಲ, ಕಾಲನ್ನೂ ನೋಡಲಿಲ್ಲ, ಅವಳ ಮುಖವನ್ನೇ ನೋಡುತ್ತ ಕೂತ.

ಮರುದಿನ ಅಂಗಡಿಗೆ ಬಂದವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಕ್ಲಚ್ ಆರಿಸೋದು ನಿಮಗ ಬಿಟ್ಟೀನಿ. ಗಟ್ಟೀದು ತರಿಸಿದ್ರ ನಾ ಒಬ್ಬನ ನಡಸ್ತೀನಿ ಅಂತ ತಿಳ್ಕೋತೀನಿ. ಹಗುರಾದ್ದು ತರಿಸಿದ್ರ... ನಿಮ್ಮ ಮನೀಗಿ ಬಂದು ಕೇಳ್ತೀನಿ."

ಅದೇ ವಾರ ಶ್ರೀವಾಣಿಗೆ ರಾಯಚೂರಿನ ಸಂಬಂಧ ಕೂಡಿಬಂತು. ಆಚಾರದ ಬ್ರಾಹ್ಮಣರ ಮನೆ. ಅಶೋಕ ಲಿಂಗಾಯತ; ಅಕ್ಕ ಅವನ ಮನೆ ಸೇರಿದಳೆಂದು ತಿಳಿದರೆ ಅವರು ತಾಂಬೂಲಕ್ಕೂ ಬರುತ್ತಿರಲಿಲ್ಲ. ತಂದೆ ಗುರುರಾಜ ಮಾಸ್ತರರ ಕಿವಿಗೆ ಭಾನುವಾರದ ಸುದ್ದಿ ಬಿದ್ದಿತ್ತು. ಅವರು ಬೈಯಲಿಲ್ಲ. ಊಟ ಮುಗಿಸಿ ಏಳುವಾಗ, "ನಿನ್ನ ಮ್ಯಾಲ ನಂಬಿಕಿ ಅದವ್ವಾ," ಎಂದರು. ಬೈದಿದ್ದರೆ ಅವಳು ಜಗಳವಾಡುತ್ತಿದ್ದಳೋ ಏನೋ.

ಅವಳು ಸಿಕಂದರಾಬಾದಿಗೆ ಫೋನ್ ಮಾಡಿ ಗಟ್ಟಿ ಪೆಡಲಿನ ಸಿರಾಮಿಕ್ ಕ್ಲಚ್ ಕಳಿಸಲು ಹೇಳಿದಳು. ಪ್ಯಾಸೆಂಜರ್ ಗಾಡಿಯಲ್ಲಿ ಬಂದ ಡಬ್ಬಿಗೆ ಅಡ್ಡ ಉದ್ದ ಸುತಳಿ ಬಿಗಿದು, ಎರಡೆರಡು ಗಂಟು ಹಾಕಿ ಕೊಟ್ಟಳು. ಅವನು ಡಬ್ಬಿಯ ಮೇಲಿನ ಹೆಸರು ಓದಿದ.

"ನಿಮ್ಮ ಗಾಡಿಗಿ ಇದೇ ಸರಿರಿ," ಎಂದಳು.

"ಹೌದು," ಎಂದ ಅವನು. "ಗಾಡಿಗಿ ಸರಿ."

ಅಂದಿನಿಂದ ಅವನು ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಶ್ರೀವಾಣಿಯ ಮದುವೆಯಾಯಿತು, ಬಾಣಂತನವೂ ಆಯಿತು. ಬಿಳಿ ಎಸ್ಟೀಮ್ ಆಗಾಗ ಗೇಟ್ ದಾಟುತ್ತಿತ್ತು, ಅದೂ ಮೆಲ್ಲಗೆ. ಅಷ್ಟು ಶಕ್ತಿಯ ಕಾರನ್ನು ಟ್ರಾಕ್ಸ್ ಜೀಪುಗಳು ಹಿಂದೆ ಹಾಕಿ ಹೋಗುತ್ತವೆಂದು ಜನ ನಗುತ್ತಿದ್ದರು. ವಯಸ್ಸಾಯಿತು, ಹುಮ್ಮಸ್ಸು ಇಳಿದಿರಬೇಕೆಂದು ಪ್ರಮಿತಾ ತನಗೆ ತಾನೇ ಹೇಳಿಕೊಂಡಳು.

ವರ್ಷಗಳು ಕಳೆದ ಮೇಲೆ ಒಂದು ಮಧ್ಯಾಹ್ನ, ಗೇಟ್ ಹಾಕಿದ್ದಾಗ, ಅದೇ ಕಾರು ಅಂಗಡಿಯೆದುರು ನಿಂತಿತು. ಇಳಿದದ್ದು ಮೊದಲಿನಿಂದಲೂ ಆ ಕಾರಿನ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ಅಬ್ದುಲ್ ಕರೀಮ್. ಅಶೋಕನಿಗೆ ಕಡೆಗೂ ಚಿಂಚೋಳಿಯ ಹೆಣ್ಣು ಗೊತ್ತಾಗಿದೆ, ಕಾರನ್ನು ಸೇಡಂನ ಹುಡುಗನಿಗೆ ಮಾರಿದ್ದಾನೆ, ಆ ಹುಡುಗ ಒಂದೇ ವಾರದಲ್ಲಿ ಕ್ಲಚ್ ಸುಟ್ಟಿದ್ದಾನೆ ಎಂದ. ಆಮೇಲೆ ಡಿಕ್ಕಿಯಲ್ಲಿ ಸಿಕ್ಕಿತೆಂದು ಒಂದು ಡಬ್ಬಿ ತಂದು ಗಲ್ಲೆಯ ಮೇಲಿಟ್ಟ.

ಸುತಳಿ ಬಣ್ಣಗೆಟ್ಟಿತ್ತು. ಗಂಟು ಅವಳದೇ, ಬಿಚ್ಚಿರಲಿಲ್ಲ.

"ಇದು ಹಾಕ್ತೀನಿ ಅಂದ್ರ ಒಲ್ಲೆ ಅಂದ್ರು ಬೇಟಿ. ತಾವ ಹೋಗಿ ಹಗುರಾದ್ದು ತಂದ್ರು. ನಿಂಗ ಹೇಳಬ್ಯಾಡ ಅಂತ ನನ್ ಕಡಿಂದ ಕಸಮ್ ತಗೊಂಡಿದ್ರು."

ಪ್ರಮಿತಾ ಎದ್ದು, ಕುಂಟುತ್ತ ಹೋಗಿ ಕಾರಿನಲ್ಲಿ ಕೂತಳು. ಎಡಗಾಲನ್ನು ಪೆಡಲಿನ ಮೇಲಿಟ್ಟು ಒತ್ತಿದಳು. ಅದು ಹಗುರವಾಗಿ ಪೂರ್ತಿ ಒಳಗೆ ಹೋಯಿತು.

ಇಷ್ಟು ವರ್ಷ ಅವನು ಅದು ಸುಡದಿರಲೆಂದು ಮೆಲ್ಲಗೆ ಓಡಿಸಿದ್ದ. ಒಂದು ದಿನ ಅವಳು ಬಂದು ಕೂತರೆ ಅವಳ ಕಾಲಿಗೆ ಭಾರವಾಗಬಾರದೆಂದು. ಅವಳಿಗೆ ಅಳು ತಡೆಯಲಾಗಲಿಲ್ಲ.

ಕರೀಮ್ ಕಿಟಕಿಯ ಬಳಿ ಬಂದ. ಸುಟ್ಟದ್ದರ ಜಾಗಕ್ಕೆ ಯಾವುದು ಹಾಕಲಿ ಎಂದು ಕೇಳಿದ.

"ಯಾರು ನಡಸ್ತಾರ ಚಾಚಾ?"

"ಆ ಹುಡುಗ ಒಬ್ಬನ."

"ಹಂಗಾದ್ರ ಗಟ್ಟೀದ ಹಾಕ್ರಿ."

ಗೇಟ್ ತೆರೆಯಿತು, ಹಿಂದಿನ ಲಾರಿಗಳು ಹಾರ್ನ್ ಹೊಡೆಯತೊಡಗಿದವು. ಅವಳ ಕಾಲು ಇನ್ನೂ ಪೆಡಲಿನ ಮೇಲೇ ಇತ್ತು. ಅವನು ಕಲಿಸಿದಂತೆ ಮೆಲ್ಲಗೆ ಬಿಟ್ಟಳು, ಒಮ್ಮೆಗೇ ಬಿಡಲಿಲ್ಲ.