ನೀಲವ್ವನ ಬೆರಳಿಗೆ ಬಂದ ಸ್ವರ

ಹಾರ್ಮೋನಿಯಂ ವಾದಕ ಗದಿಗೆಪ್ಪ ಮನಸ್ಸಿನಲ್ಲೇ ಷಡ್ಜ ಒತ್ತಿದ. ಪಾರ್ಶ್ವವಾಯು ಹೊಡೆದಿದ್ದ ಬಲಗೈ ಬೆರಳು ಅಲುಗಲಿಲ್ಲ. ಆದರೂ ಮಣಿಕಟ್ಟಿಗೆ ಕಟ್ಟಿದ್ದ, ನರಗಳ ಮಿಡಿತ ಓದುವ ಪಟ್ಟಿಯಲ್ಲಿ ದೀಪ ಹೊತ್ತಿತು, ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಗೆರೆಯೊಂದು ಚಿಮ್ಮಿತು.

"ಗೆರಿ ಕಾಣತೈತಿ. ದನಿ ಎಲ್ಲೈತವ್ವಾ?"

ಪಟ್ಟಿಯನ್ನು ರೂಪಿಸಿದ ವಿಜ್ಞಾನಿ ತಹಸೀನ್ ನಕ್ಕಳು. "ಆ ಗೆರಿಗೆ ಕಂಪ್ಯೂಟರ್ ಭಾಷಾದಾಗ 'ಮಿಡಿ' ಅಂತಾರ. ಅದು ದನಿ ಅಲ್ರೀ ಕಾಕಾ, ಬರೇ ಸಂಜ್ಞೆ. ಯಾವ ಸ್ವರ, ಎಷ್ಟು ಜೋರು, ಎಷ್ಟು ಹೊತ್ತು, ಅಷ್ಟ ಹೇಳತದ. ನುಡಿಸೋ ವಾದ್ಯಕ್ಕ ಅದು ಹೋಗಿ ಮುಟ್ಟಬೇಕು. ತಡೀರಿ, ದಾರಿ ತೆರೀತೀನಿ."

ಸಂಜ್ಞೆ ಎರಡು ಕಡೆ ಹರಿಯಬೇಕಿತ್ತು. ಒಂದು ಕವಲು ಕಂಪ್ಯೂಟರಿನೊಳಗಿನ ಹಾರ್ಮೋನಿಯಂಗೆ. ಇನ್ನೊಂದು ಮರಳಿ ಪಟ್ಟಿಗೆ. ಒತ್ತಿದ ಸ್ವರ ಯಾವುದೆಂದು ಜೋಮು ಹಿಡಿದ ಬೆರಳಿಗೂ ತಿಳಿಯಲೆಂದು ಪಟ್ಟಿ ಆಯಾ ನರವನ್ನು ಮೆಲ್ಲನೆ ಮೀಟುತ್ತಿತ್ತು. ಉತ್ಸಾಹದ ಭರದಲ್ಲಿ ತಹಸೀನ್ ಪರದೆಯ ಮೇಲಿದ್ದ ದಾರಿಗಳನ್ನೆಲ್ಲ ತೆರೆದುಬಿಟ್ಟಳು.

ಕೋಣೆ ತುಂಬ ಹಾರ್ಮೋನಿಯಂ ಮೊಳಗಿತು!

"ಬಂತು! ನನ್ನ ಕೈ ಬಂತು!" ಗದಿಗೆಪ್ಪ ಕೂಗಿದ.

ಅದೇ ಕ್ಷಣ ಪಕ್ಕದ ಕುರ್ಚಿಯಿಂದ ಅವನ ಹೆಂಡತಿ ನೀಲವ್ವ ದಡಕ್ಕನೆ ಎದ್ದು ನಿಂತಳು. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳದು. ಮೇಜಿನ ಮೇಲಿದ್ದ ಇನ್ನೊಂದು ಪಟ್ಟಿಯನ್ನು ಬಳೆಯಂತೆ ಏರಿಸಿಕೊಂಡು ನೋಡುತ್ತಿದ್ದವಳು ಈಗ ತನ್ನ ಕೈಯನ್ನೇ ಬೆರಗಾಗಿ ದಿಟ್ಟಿಸುತ್ತಿದ್ದಳು.

"ಅಯ್ಯ ಅಲ್ಲಾ, ಆ ಪಟ್ಟಿಗೂ ಹೋಗೋ ದಾರಿ, ಬರೋ ದಾರಿ ಎರಡೂ ಬಿಟ್ಟೇನಿ!" ತಹಸೀನ್ ಮುಚ್ಚಲು ಹೋದಳು. ಗದಿಗೆಪ್ಪ ಎಡಗೈಯಿಂದ ಅವಳನ್ನು ತಡೆದ.

"ಇರಲಿ ಬಿಡವ್ವಾ, ಇರಲಿ."

ಅವನು ಗಾಂಧಾರ ನುಡಿಸಿದ. ನೀಲವ್ವ ನಡುಬೆರಳು ಎತ್ತಿದಳು. ಪಂಚಮಕ್ಕೆ ಕಿರುಬೆರಳು. ಮದುವೆಯಾದಂದಿನಿಂದ ಅವನ ಸಂಗೀತವೆಂದರೆ ಅವಳಿಗೆ ಕುಣಿಯುವ ಬೆರಳುಗಳು, ತಲೆದೂಗುವ ಜನ, ಅಷ್ಟೇ ಆಗಿತ್ತು. ಅವನು ಬೇಕೆಂದೇ ವೇಗ ಹೆಚ್ಚಿಸಿದ. ಅವಳ ಕಣ್ಣಲ್ಲಿ ನೀರು, ಬಾಯಿತುಂಬ ನಗು. ಮುಂದೆ ನುಡಿಸಲಾಗದೆ ಗದಿಗೆಪ್ಪ ನಿಲ್ಲಿಸಿ ಕಣ್ಣೊರೆಸಿಕೊಂಡ.

ಹಾರ್ಮೋನಿಯಂ ಮಾತ್ರ ನಿಲ್ಲಲಿಲ್ಲ.

ಎರಡು ಸ್ವರ, ಸ್ವಲ್ಪ ತಡೆದು ಮೂರನೆಯದು, ಮತ್ತೆ ಮೊದಲನೆಯದು. ನೀಲವ್ವನ ಬೆರಳುಗಳು ಗಾಳಿಯಲ್ಲಿ ತಡವರಿಸುತ್ತ ಏನನ್ನೋ ಹುಡುಕುತ್ತಿದ್ದವು.

"ಕಾಕಾ, ಇದು ಯಾವ ರಾಗ?" ತಹಸೀನ್ ಪಿಸುಗುಟ್ಟಿದಳು.

"ನಾ ಎಂದೂ ಕೇಳಿಲ್ಲವ್ವಾ," ಎಂದ ಗದಿಗೆಪ್ಪ. "ರೆಕಾರ್ಡ್ ಹಚ್ಚು, ಲಗೂನ!"